ಕಡಿಮೆ ಬೆಲೆಗೆ ಕೋವಿ ಕೊಳ್ಳಹೊರಟ ಗೆಳೆಯರಿಗೊಂದು ಬಹಿರಂಗ ಪತ್ರ

ಅಮೆರಿಕದಲ್ಲಿರುವ ಕನ್ನಡದ ಗೆಳೆಯ ಗೆಳತಿಯರೇ,

ಈ ಸಲದ ರಾಜ್ಯೋತ್ಸವದ ಊಟದ ಹೊತ್ತಿಗೆ ನಮ್ಮ ಮೇಜಿನ ಹತ್ತಿರ ನಡೆದ ಮಾತು ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ ನಿಮ್ಮಲ್ಲಿ ಐದಾರು ಜನ ಒಬ್ಬರ ಫೋನಿನ ಮೇಲೆ ಬಗ್ಗಿ ನಿಂತಿದ್ದಿರಿ. ಬ್ಲ್ಯಾಕ್ ಫ್ರೈಡೆಗೆ ಟಿವಿ ಹುಡುಕುತ್ತಿದ್ದೀರಿ ಎಂದುಕೊಂಡು ನಾನೂ ಹತ್ತಿರ ಬಂದೆ. ನೋಡಿದರೆ ಪಿಸ್ತೂಲು. ಒಂದು ಅಂಗಡಿಯಲ್ಲಿ 549 ಡಾಲರ್, ಅದೇ ಮಾಲು ಇನ್ನೊಂದರಲ್ಲಿ 499. ಮೊದಲನೆಯವರು ಪ್ರೈಸ್ ಮ್ಯಾಚ್ ಮಾಡಿ ಅದೇ ಬೆಲೆಗೆ ಕೊಡುತ್ತಾರೆ, ಅದರ ಮೇಲೆ ಕಂಪನಿಯ ರಿಬೇಟ್ ಇದೆ, ಗಿಫ್ಟ್ ಕಾರ್ಡನ್ನು ಮೊದಲೇ ರಿಯಾಯಿತಿಯಲ್ಲಿ ಕೊಂಡಿಟ್ಟರೆ ಇನ್ನಷ್ಟು ಉಳಿಯುತ್ತದೆ ಎಂದು ಲೆಕ್ಕ ಸಾಗಿತ್ತು. ಅಲ್ಲಿಯವರೆಗೆ ನನಗೇನೂ ತಪ್ಪು ಕಾಣಲಿಲ್ಲ.

ಆಮೇಲೆ ಒಬ್ಬರು ಹೇಳಿದರು: "ನಮ್ಮ ಪಕ್ಕದ ಮನೆಯವರು ಪೊಲೀಸ್. ಅವರಿಗೆ ಬೇರೆಯೇ ರೇಟು. ದುಡ್ಡು ಕೊಟ್ಟರೆ ಅವರ ಹೆಸರಲ್ಲಿ ತೆಗೆದು ನಮಗೆ ಕೊಡ್ತಾರೆ." ಇನ್ನೊಬ್ಬರು ಕೇಳಿದರು: "ನಂದು ಎಚ್-1ಬಿ ವೀಸಾ. ನನಗೂ ಸಿಗುತ್ತಾ?" ಅದಕ್ಕೆ ಮೂರನೆಯವರ ಉತ್ತರ: "ನನ್ನ ಹತ್ರ ಗ್ರೀನ್ ಕಾರ್ಡ್ ಇದೆಯಲ್ಲ, ನಿಂಗೂ ಸೇರಿಸಿ ಎರಡು ನಾನೇ ತಗೋತೀನಿ ಬಿಡು."

"ಸ್ವಲ್ಪ ನೋಡಿಕೊಂಡು ಮಾಡಿ" ಎಂದಷ್ಟೇ ಹೇಳಿ ನಾನು ಕೈತೊಳೆಯಲು ಹೋದೆ. ಅಷ್ಟು ಹೇಳಿದ್ದು ಸಾಲದು ಎಂದು ಮನೆಗೆ ಬಂದ ಮೇಲೆ ಅನಿಸಿತು. ಅಂದು ಹೇಳಬೇಕಾಗಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ. ಆ ಮೇಜಿನ ಹತ್ತಿರ ಇದ್ದವರಿಗಷ್ಟೇ ಅಲ್ಲ, ಈ ದೇಶದ ಯಾವ ಊರಿನಲ್ಲೇ ಇದ್ದರೂ ಇಂಥ ಲೆಕ್ಕ ಹಾಕುತ್ತಿರುವ ಎಲ್ಲ ಕನ್ನಡಿಗರಿಗೂ.

ನಾನು ಕೋವಿಯನ್ನು ಕಂಡರೆ ಹೆದರುವವನಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದವನು. ಹಂದಿ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಲೆಂದು ಅಪ್ಪನ ಹತ್ತಿರ ಲೈಸೆನ್ಸಿನ ಜೋಡುನಳಿಗೆ ಕೋವಿ ಇತ್ತು. ಟೆಕ್ಸಸ್‌ಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಇಲ್ಲಿ ನನ್ನ ಹತ್ತಿರವೂ ಒಂದು ರೂಗರ್ 10/22 ರೈಫಲ್ ಇದೆ. ಅದನ್ನು ಪ್ರೈಸ್ ಮ್ಯಾಚ್ ಮಾಡಿಸಿಯೇ ಕೊಂಡಿದ್ದೇನೆ. ಹಾಗಾಗಿ "ಕೊಳ್ಳಬೇಡಿ" ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ನಾನು ಹೇಳುವುದು ಇಷ್ಟೇ: ಚೌಕಾಸಿ ಮಾಡಬಹುದಾದದ್ದು ಬೆಲೆಯನ್ನು ಮಾತ್ರ. ಯಾರ ಹೆಸರಿನಲ್ಲಿ ಕೊಳ್ಳುತ್ತೀರಿ, ಯಾವ ಕಾಗದದ ಮೇಲೆ ಕೊಳ್ಳುತ್ತೀರಿ, ಯಾವ ಬೀಗದೊಳಗೆ ಇಡುತ್ತೀರಿ, ಈ ಮೂರರಲ್ಲಿ ಒಂದು ಕಾಸೂ ಉಳಿಸಲು ಹೋಗಬೇಡಿ.

ಮೊದಲು ಬೆಲೆಯ ಮಾತು. ಅದರಲ್ಲಿ ನಿಮ್ಮ ಉತ್ಸಾಹ ಸರಿಯಾಗಿಯೇ ಇದೆ, ಲೆಕ್ಕ ಮಾತ್ರ ಅಲ್ಲಲ್ಲಿ ತಪ್ಪಿದೆ.

ನನ್ನದೇ ಅನುಭವ ಹೇಳುತ್ತೇನೆ. ನಮ್ಮ ಹತ್ತಿರದ ಅಂಗಡಿಯಲ್ಲಿ 10/22ಕ್ಕೆ 309 ಡಾಲರ್ ಬರೆದಿತ್ತು. ಇನ್ನೊಂದು ಅಂಗಡಿಯ ಜಾಹೀರಾತಿನಲ್ಲಿ 269. ಆ ಹಾಳೆ ಹಿಡಿದುಕೊಂಡು ಹೋದೆ. ಗಾಜಿನ ಕೌಂಟರಿನ ಹಿಂದಿದ್ದ ವಯಸ್ಸಾದ ಮನುಷ್ಯ ಹಾಳೆಯನ್ನು ನೋಡಲೇ ಇಲ್ಲ. ಒಳಗಿಂದ ರಟ್ಟಿನ ಪೆಟ್ಟಿಗೆ ತಂದು, ಅದರ ತುದಿಗೆ ಅಂಟಿಸಿದ ಚೀಟಿಯ ಮೇಲೆ ಬೆರಳಿಟ್ಟು ತೋರಿಸಿದ: ಮಾಡೆಲ್ 1103, ಮರದ ಹಿಡಿ. ನನ್ನ ಜಾಹೀರಾತಿನಲ್ಲಿದ್ದದ್ದು 1151, ಪ್ಲಾಸ್ಟಿಕ್ ಹಿಡಿ. ಹೆಸರು ಒಂದೇ, ಗುಂಡು ಒಂದೇ, ದೂರದಿಂದ ನೋಡಿದರೆ ಕೋವಿಯೂ ಒಂದೇ. ಪ್ರೈಸ್ ಮ್ಯಾಚಿಗೆ ಮಾತ್ರ ಅವೆರಡೂ ಬೇರೆ ಬೇರೆ. "1151 ನಮ್ಮಲ್ಲೂ ಇದೆ, ಬೇಕಾ?" ಎಂದ. ಹೂಂ ಅಂದೆ. ಆಗ ಆ ಇನ್ನೊಂದು ಅಂಗಡಿಗೆ ತಾನೇ ಫೋನ್ ಮಾಡಿ, ಮಾಡೆಲ್ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ, ಇವತ್ತು ಸ್ಟಾಕ್ ಇದೆಯೇ ಎಂದು ಕೇಳಿಕೊಂಡ. ಇದೆ ಎಂದು ಅವರು ಹೇಳಿದ ಮೇಲೆಯೇ ನನಗೆ 269ರ ಬಿಲ್ಲು ಆಯಿತು.

ಪ್ರೈಸ್ ಮ್ಯಾಚಿನ ವ್ಯಾಕರಣವೆಲ್ಲ ಆ ಹತ್ತು ನಿಮಿಷದಲ್ಲಿ ಇದೆ. ಮಾಡೆಲ್ ನಂಬರ್, ಬಾರ್‌ಕೋಡ್ ಎರಡೂ ತಾಳೆಯಾಗಬೇಕು. ಎದುರು ಅಂಗಡಿಯಲ್ಲಿ ಮಾಲು ನಿಜವಾಗಿ ಇರಬೇಕು. ಹೊಸದಾಗಿರಬೇಕು, ಹಳೆಯದು, ಹರಾಜಿನದು, ಅಂಗಡಿ ಮುಚ್ಚುವಾಗ ಹಾಕಿದ ಸೇಲಿನದು ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಎಷ್ಟೋ ಕಂಪನಿಗಳು ದೊಡ್ಡ ಅಂಗಡಿಗಳಿಗೆಂದೇ ಬೇರೆ ಬಣ್ಣ, ಬೇರೆ ಹಿಡಿ ಕೊಟ್ಟು ಬೇರೆ ನಂಬರಿನ ಮಾಲು ಮಾಡಿಕೊಡುತ್ತವೆ. ಅದಕ್ಕೆ ಸಮನಾದ ನಂಬರ್ ಇನ್ನೆಲ್ಲೂ ಸಿಗದ ಕಾರಣ ಪ್ರೈಸ್ ಮ್ಯಾಚೂ ಸಿಗುವುದಿಲ್ಲ. ಕೋವಿಗಳನ್ನೇ ಪ್ರೈಸ್ ಮ್ಯಾಚಿನಿಂದ ಹೊರಗಿಟ್ಟ ಅಂಗಡಿಗಳೂ ಇವೆ. ಹೋಗುವ ಮೊದಲು ಫೋನ್ ಮಾಡಿ ಕೇಳಿ.

ಇಂಟರ್ನೆಟ್ಟಿನ ಬೆಲೆ ಇನ್ನೊಂದು ಬಗೆ. ಕೆಲವು ಕಂಪನಿಗಳು ಇಂತಿಷ್ಟಕ್ಕಿಂತ ಕಡಿಮೆ ಬೆಲೆಯನ್ನು ಜಾಹೀರಾತಿನಲ್ಲಿ ತೋರಿಸಬಾರದು ಎಂದು ಅಂಗಡಿಗಳಿಗೆ ಕಟ್ಟುಪಾಡು ಹಾಕಿರುತ್ತವೆ. ಅದಕ್ಕೇ ಕಾರ್ಟ್‌ಗೆ ಹಾಕಿದ ಮೇಲಷ್ಟೇ ನಿಜವಾದ ಬೆಲೆ ಕಾಣುವುದು. ಆ ಬೆಲೆ ನೋಡಿ ಹಿಗ್ಗಬೇಡಿ. ಇಂಟರ್ನೆಟ್ಟಿನಲ್ಲಿ ಕೊಂಡ ಕೋವಿ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ಲೈಸೆನ್ಸ್ ಇರುವ ಡೀಲರ್ ಹತ್ತಿರ ಬರುತ್ತದೆ. ಅವರು ಟ್ರಾನ್ಸ್‌ಫರ್ ಶುಲ್ಕ ತೆಗೆದುಕೊಳ್ಳುತ್ತಾರೆ. ಲೆಕ್ಕಕ್ಕೆಂದು ಇಟ್ಟುಕೊಳ್ಳಿ: ಕಾರ್ಟಿನಲ್ಲಿ 469, ಸಾಗಣೆಗೆ 15, ಟ್ರಾನ್ಸ್‌ಫರ್‌ಗೆ 30. ಒಟ್ಟು 514. ಊರಿನ ಅಂಗಡಿಯ 499ಕ್ಕಿಂತ 15 ಡಾಲರ್ ಹೆಚ್ಚೇ ಆಯಿತು. ಕೇಳಬೇಕಾದದ್ದು ಒಂದೇ ಪ್ರಶ್ನೆ: ಎಲ್ಲ ಸೇರಿ ಬಾಗಿಲು ದಾಟುವಾಗ ಎಷ್ಟು? ಪಕ್ಕದ ಒಕ್ಲಹೋಮದಲ್ಲಿ ಅಗ್ಗ ಎಂದು ಗಾಡಿ ಹತ್ತುವವರೂ ಇದ್ದಾರೆ. ಬೇರೆ ರಾಜ್ಯದ ಡೀಲರ್ ನಿಮ್ಮ ಕೈಗೆ ಪಿಸ್ತೂಲು ಕೊಡುವಂತಿಲ್ಲ. ಅದನ್ನು ನಿಮ್ಮ ರಾಜ್ಯದ ಡೀಲರ್‌ಗೆ ಕಳಿಸಬೇಕು, ಅಲ್ಲಿ ಮತ್ತೆ ಶುಲ್ಕ.

ರಿಬೇಟ್ ಚೀಟಿಗೆ ಪೆಟ್ಟಿಗೆಯ ಬಾರ್‌ಕೋಡ್ ಕತ್ತರಿಸಿ ಕಳಿಸಬೇಕಾಗಬಹುದು, ಕೊನೆಯ ದಿನಾಂಕ ದಾಟಿದರೆ ಹಣ ಹೋಯಿತು. ಒಮ್ಮೆ ನಿಮ್ಮ ಹೆಸರಿಗಾದ ಕೋವಿಯನ್ನು ಹೆಚ್ಚಿನ ಅಂಗಡಿಗಳು ವಾಪಸ್ ತೆಗೆದುಕೊಳ್ಳುವುದಿಲ್ಲ. ಆತುರವಿಲ್ಲದಿದ್ದರೆ ಕಾಯಿರಿ. ಜನವರಿಯಲ್ಲಿ ಲಾಸ್ ವೇಗಸ್‌ನ ಶಾಟ್ ಶೋ ಎಂಬ ಕೋವಿ ಮೇಳದಲ್ಲಿ ಹೊಸ ಮಾಡೆಲ್‌ಗಳು ಬಂದಾಗ ಹಿಂದಿನ ವರ್ಷದವು ಇಳಿಯುತ್ತವೆ. ಬೇಟೆಯ ಕಾಲ ಮುಗಿದ ಮೇಲೆ ಉದ್ದ ಕೋವಿಗಳ ಬೆಲೆಯೂ ಇಳಿಯುತ್ತದೆ.

ಎಷ್ಟೇ ಹಿಂಡಿದರೂ ಇಳಿಯದ ಒಂದು ಪಾಲು ಇದೆ. ಉದ್ದ ಕೋವಿ ಮತ್ತು ತೋಟೆಗಳ ಮೇಲೆ ಶೇ. 11, ಪಿಸ್ತೂಲಿನ ಮೇಲೆ ಶೇ. 10 ಕೇಂದ್ರ ಸುಂಕ ಇದೆ. ಅದನ್ನು ಕಂಪನಿಯೇ ಕಟ್ಟಿ ಬೆಲೆಯೊಳಗೆ ಸೇರಿಸಿರುತ್ತದೆ. ಆ ಹಣ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾನೂನಿನಂತೆ ರಾಜ್ಯಗಳ ಕಾಡು, ಕಾಡುಪ್ರಾಣಿಗಳ ರಕ್ಷಣೆಗೆ ಹೋಗುತ್ತದೆ. ಕಾಡಿನ ಅಂಚಿನಲ್ಲಿ ಬೆಳೆದ ನನಗೆ ಅದನ್ನು ಕೊಡುವಾಗ ಬೇಸರವಾಗಲಿಲ್ಲ.

ಟ್ರಾನ್ಸ್‌ಫರ್ ಶುಲ್ಕ ದಂಡ ಎಂದು ನೀವು ಗೊಣಗಬಹುದು. ಅದರ ಹಿಂದೆ ಒಂದು ಕಥೆಯಿದೆ. 1963ರ ಮಾರ್ಚಿನಲ್ಲಿ ಒಬ್ಬಾತ ಪತ್ರಿಕೆಯ ಜಾಹೀರಾತು ನೋಡಿ, ಸುಳ್ಳು ಹೆಸರಿನಲ್ಲಿ ಷಿಕಾಗೋದ ಅಂಗಡಿಯೊಂದಕ್ಕೆ ಮನಿಆರ್ಡರ್ ಕಳಿಸಿದ. ದುರ್ಬೀನು ಸಮೇತ ರೈಫಲ್‌ಗೆ 19 ಡಾಲರ್ 95 ಸೆಂಟ್, ಅಂಚೆ ವೆಚ್ಚ 1 ಡಾಲರ್ 50 ಸೆಂಟ್, ಒಟ್ಟು 21 ಡಾಲರ್ 45 ಸೆಂಟ್. ಕೋವಿ ಅಂಚೆಯಲ್ಲೇ ಡಲ್ಲಾಸ್‌ನ ಪೆಟ್ಟಿಗೆಗೆ ಬಂತು. ಅವನ ಮುಖವನ್ನು ಯಾರೂ ನೋಡಲಿಲ್ಲ, ಹೆಸರು ನಿಜವೇ ಎಂದು ಯಾರೂ ಕೇಳಲಿಲ್ಲ. ಆ ವರ್ಷದ ನವೆಂಬರ್ 22ರಂದು ನಮ್ಮ ಈ ಡಲ್ಲಾಸ್‌ನಲ್ಲೇ ಅಧ್ಯಕ್ಷ ಕೆನಡಿ ಅದೇ ಕೋವಿಗೆ ಬಲಿಯಾದರು. ಕೊಂಡಾತ ಲೀ ಹಾರ್ವೆ ಆಸ್ವಾಲ್ಡ್. ಆಮೇಲೆ ಬಂದ 1968ರ ಕಾನೂನು ಅಂಚೆಯಲ್ಲಿ ಸಾರ್ವಜನಿಕರ ಮನೆಗೆ ಕೋವಿ ಕಳಿಸುವುದನ್ನು ನಿಲ್ಲಿಸಿತು. ಡೀಲರ್ ನಿಮ್ಮ ಮುಖ ನೋಡಿ, ಗುರುತಿನ ಚೀಟಿ ನೋಡಿ, ಎಫ್‌ಬಿಐ ದಾಖಲೆಯಲ್ಲಿ ನಿಮ್ಮ ಹೆಸರನ್ನು ಪರಿಶೀಲಿಸುವ ಕೆಲಸಕ್ಕೆ ಆ ಮೂವತ್ತು ಡಾಲರ್. ಅದನ್ನು ಸಂತೋಷದಿಂದ ಕೊಡಿ.

ಈಗ ಹೆಸರಿನ ಮಾತಿಗೆ ಬರುತ್ತೇನೆ. ಪೊಲೀಸ್ ನೆರೆಯವರ ಹೆಸರಲ್ಲಿ ಕೊಳ್ಳುವ ಯೋಚನೆ ಹೊಸದಲ್ಲ. ಅದು ಈ ದೇಶದ ಸುಪ್ರೀಂ ಕೋರ್ಟಿನವರೆಗೂ ಹೋಗಿಬಂದಿದೆ.

ವರ್ಜೀನಿಯಾದ ಬ್ರೂಸ್ ಅಬ್ರಾಮ್‌ಸ್ಕಿ ಹಿಂದೆ ಪೊಲೀಸ್ ಆಗಿದ್ದವರು. 2009ರ ನವೆಂಬರಿನಲ್ಲಿ ಪೆನ್ಸಿಲ್ವೇನಿಯಾದಲ್ಲಿದ್ದ ಅವರ ಚಿಕ್ಕಪ್ಪನಿಗೆ ಒಂದು ಗ್ಲಾಕ್ 19 ಪಿಸ್ತೂಲು ಬೇಕಿತ್ತು. ಪೊಲೀಸರಿಗೆ ಸಿಗುವ ರಿಯಾಯಿತಿಯಲ್ಲಿ ನಾನೇ ಕೊಡಿಸುತ್ತೇನೆ ಎಂದರು ಅಬ್ರಾಮ್‌ಸ್ಕಿ. ಚಿಕ್ಕಪ್ಪ 400 ಡಾಲರಿನ ಚೆಕ್ ಕಳಿಸಿದರು. ಅಂಗಡಿಯಲ್ಲಿ ಕೊಳ್ಳುವವರೆಲ್ಲ ತುಂಬಬೇಕಾದ 4473 ಎಂಬ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ಈ ಕೋವಿಯನ್ನು ನಿಜವಾಗಿ ಕೊಳ್ಳುತ್ತಿರುವವರು ನೀವೇನಾ? ಅಬ್ರಾಮ್‌ಸ್ಕಿ "ಹೌದು" ಎಂದು ಗುರುತು ಹಾಕಿದರು. ಆಮೇಲೆ ಚಿಕ್ಕಪ್ಪನಿಗೆ ಕೊಟ್ಟದ್ದೂ ಕದ್ದುಮುಚ್ಚಿ ಅಲ್ಲ. ಪೆನ್ಸಿಲ್ವೇನಿಯಾದ ಲೈಸೆನ್ಸ್ ಇರುವ ಡೀಲರ್ ಮೂಲಕ, ಚಿಕ್ಕಪ್ಪನ ಹಿನ್ನೆಲೆ ತಪಾಸಣೆ ಆದ ಮೇಲೆಯೇ. ಕೋವಿ ಹೊಂದಲು ಚಿಕ್ಕಪ್ಪನಿಗೆ ಯಾವ ಅಡ್ಡಿಯೂ ಇರಲಿಲ್ಲ.

ಆದರೂ ಅದು ಅಪರಾಧವಾಯಿತು. 2014ರ ಜೂನ್ 16ರಂದು ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಶಿಕ್ಷೆಯನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಎಲೆನಾ ಕೇಗನ್. ಚಿಕ್ಕಪ್ಪ ಅರ್ಹನೋ ಅಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ, ಕೌಂಟರಿನ ಎದುರು ನಿಂತವನು ನಿಜವಾದ ಕೊಳ್ಳುಗ ನಾನೇ ಎಂದು ಸುಳ್ಳು ಬರೆದನಲ್ಲ, ಅದು ಮುಖ್ಯ ಎಂಬುದು ತೀರ್ಪಿನ ಸಾರ. ಅಬ್ರಾಮ್‌ಸ್ಕಿಗೆ ಐದು ವರ್ಷಗಳ ಪ್ರೊಬೇಷನ್ ಆಗಿತ್ತು. ಇಂಥ ಸುಳ್ಳಿಗೆ ಹತ್ತು ವರ್ಷದವರೆಗೂ ಜೈಲು ವಿಧಿಸಬಹುದು. ಒಂದು ರಿಯಾಯಿತಿಗಾಗಿ ಇಷ್ಟಾಯಿತು.

ಗ್ಲಾಕ್‌ನಂಥ ಕಂಪನಿಗಳು ಪೊಲೀಸರಿಗೆ, ಸೈನಿಕರಿಗೆ, ತುರ್ತು ಸೇವೆಯವರಿಗೆ ಕಡಿಮೆ ದರ ಕೊಡುವುದು ನಿಜ. ನಿಮಗೇ ಆ ಅರ್ಹತೆ ಇದ್ದರೆ ಧಾರಾಳವಾಗಿ ಬಳಸಿಕೊಳ್ಳಿ. ನೆರೆಯವರ ಅರ್ಹತೆ ನಿಮ್ಮದಲ್ಲ. ಅವರು ನಿಮ್ಮ ಮೇಲಿನ ವಿಶ್ವಾಸಕ್ಕೆ ಒಪ್ಪಿದರೂ ನೀವು ಕೇಳಬೇಡಿ. ಅವರ ಕೆಲಸ, ಪಿಂಚಣಿ ಎರಡನ್ನೂ ನೀವು ಐವತ್ತು ಡಾಲರಿಗೆ ಒತ್ತೆಯಿಡುತ್ತಿದ್ದೀರಿ. ಉಡುಗೊರೆಯ ಮಾತು ಬೇರೆ. ನಿಮ್ಮ ಹಣದಲ್ಲಿ, ಕೋವಿ ಹೊಂದಲು ಅರ್ಹರಾದವರಿಗೆ, ನಿಮ್ಮ ಇಷ್ಟದಿಂದ ಕೊಡಿಸುವುದಕ್ಕೆ ಕಾನೂನಿನ ಒಪ್ಪಿಗೆ ಇದೆ. ಅದಕ್ಕೂ ಅಂಗಡಿಯ ಗಿಫ್ಟ್ ಕಾರ್ಡ್ ಕೊಡುವುದೇ ಒಳ್ಳೆಯದು. ಪಡೆದವರು ತಾವೇ ಹೋಗಿ ತಮ್ಮ ಹೆಸರಿನಲ್ಲಿ ಅರ್ಜಿ ತುಂಬುತ್ತಾರೆ.

"ನಿಂಗೂ ಸೇರಿಸಿ ಎರಡು ತಗೋತೀನಿ" ಎಂದವರಿಗೆ ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ. 2022ರ ಮೇ 24ರಂದು ನಮ್ಮದೇ ಟೆಕ್ಸಸ್‌ನ ಯುವಾಲ್ಡೆಯ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಗುಂಡಿಗೆ ಬಲಿಯಾದರು. ಅದಾಗಿ ಸುಮಾರು ಒಂದು ತಿಂಗಳಿಗೆ ಬಂದ ಕೇಂದ್ರ ಕಾನೂನು, ಕೋವಿ ಹೊಂದಲು ಅರ್ಹತೆ ಇಲ್ಲದವರಿಗಾಗಿ ಎಂದು ತಿಳಿದೂ ಕೊಳ್ಳುವುದನ್ನೇ ಪ್ರತ್ಯೇಕ ಅಪರಾಧ ಮಾಡಿತು. ಅದಕ್ಕೆ ಹದಿನೈದು ವರ್ಷದವರೆಗೆ ಜೈಲು.

ಎಚ್-1ಬಿಯವರಿಗೆ ಅರ್ಹತೆ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಇಲ್ಲೇ ಬರುತ್ತದೆ. ಕಾಗದದ ಮಾತು ಇದು. ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ್ದೂ ಇದೇ.

ನಾನು ಅದನ್ನು ಕಲಿತದ್ದು ಅಪ್ಪನ ಎದುರಿನಲ್ಲಿ. ಅಪ್ಪ ಟೂರಿಸ್ಟ್ ವೀಸಾದಲ್ಲಿ ಬಂದು ಮೂರು ತಿಂಗಳು ನಮ್ಮ ಜೊತೆ ಇದ್ದರು. ಐವತ್ತು ವರ್ಷ ಕೋವಿ ಹಿಡಿದ ಕೈ. ಇಲ್ಲಿಯ ಶೂಟಿಂಗ್ ರೇಂಜ್ ತೋರಿಸೋಣ ಎಂದು ಒಂದು ಭಾನುವಾರ ಕರೆದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಅಪ್ಪನ ಪಾಸ್‌ಪೋರ್ಟ್ ನೋಡಿ, ವೀಸಾದ ಪುಟ ತಿರುಗಿಸಿ, "ಬೇಟೆಯ ಲೈಸೆನ್ಸ್ ಇದೆಯೇ?" ಎಂದು ಕೇಳಿದಳು. ಇರಲಿಲ್ಲ. ಹಾಗಿದ್ದರೆ ಇವರ ಕೈಗೆ ಬಾಡಿಗೆ ಕೋವಿಯನ್ನೂ ಕೊಡುವಂತಿಲ್ಲ ಎಂದಳು. ನನಗೆ ಅವಮಾನವಾದಂತಾಯಿತು, ದನಿಯೂ ಏರಿತು. ಅಪ್ಪ ನನ್ನ ತೋಳು ಹಿಡಿದು ಹೊರಗೆ ಕರೆತಂದರು. "ಅವಳು ಕೇಳಿದ್ದರಲ್ಲಿ ಏನು ತಪ್ಪು? ಕೋವಿ ಕೊಡೋರು ಕೇಳಬೇಕು. ಕೇಳದೆ ಕೊಡೋ ಜಾಗಕ್ಕೆ ನೀನು ನನ್ನ ಕರ್ಕೊಂಡು ಹೋಗಬೇಡ" ಎಂದರು. ಮನೆಗೆ ಬಂದು ಕಾನೂನು ಓದಿದೆ. ಅವಳು ಹೇಳಿದ್ದು ಅಕ್ಷರಶಃ ಸರಿ.

ಕೇಂದ್ರ ಕಾನೂನಿನ ಪ್ರಕಾರ ವಲಸೆಯಲ್ಲದ ವೀಸಾದಲ್ಲಿ ಬಂದವರು, ಅಂದರೆ ಎಚ್-1ಬಿ, ಎಚ್-4, ಎಫ್-1, ಬಿ-2 ಇಂಥ ವೀಸಾದವರು, ಕೋವಿಯನ್ನಾಗಲಿ ತೋಟೆಯನ್ನಾಗಲಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ನಮಗೆ ಅನ್ವಯಿಸುವ ಮುಖ್ಯವಾದದ್ದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆಯ ಲೈಸೆನ್ಸ್. ಅದನ್ನು ಅಂಗಡಿಯಲ್ಲಿ ತೋರಿಸಬೇಕು, 4473ರಲ್ಲಿ ಸರಿಯಾಗಿ ಬರೆಯಬೇಕು. ಅವಧಿ ಮುಗಿದ ದಿನ ಆ ವಿನಾಯಿತಿಯೂ ಮುಗಿಯುತ್ತದೆ, ಮನೆಯಲ್ಲಿರುವ ಕೋವಿ ಅಕ್ರಮವಾಗುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಇದರ ಮೇಲೆ ಒಂದೊಂದು ರಾಜ್ಯದ ಕಟ್ಟಳೆ ಬೇರೆ: ಇಲಿನಾಯ್‌ನಲ್ಲಿ ಮೊದಲು ಕೋವಿ ಮಾಲೀಕರ ಗುರುತಿನ ಕಾರ್ಡ್ ಮಾಡಿಸಬೇಕು, ಕ್ಯಾಲಿಫೋರ್ನಿಯಾದಲ್ಲಿ ಹತ್ತು ದಿನ ಕಾಯಬೇಕು, ಅಲ್ಲಿ 2024ರ ಜುಲೈಯಿಂದ ರಾಜ್ಯದ್ದೇ ಶೇ. 11 ಸುಂಕವೂ ಸೇರಿದೆ.

ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಅದರ ನಂತರ ಹುಟ್ಟಿದವರು ಬೇಟೆಗೆ ಹೋಗಬೇಕಾದರೆ ಬೇಟೆಯ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ಆ ಕೋರ್ಸನ್ನು ಲೈಸೆನ್ಸಿನ ನೆಪಕ್ಕೆ ಮಾಡಬೇಡಿ, ಮನಸ್ಸಿಟ್ಟು ಮಾಡಿ. ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ನೋಡದೆ ಕುದುರೆ ಎಳೆಯಬಾರದು ಎಂದು ಅಪ್ಪ ಗದರಿ ಕಲಿಸಿದ್ದನ್ನು ಅಲ್ಲಿ ಸಮಾಧಾನದಿಂದ ಕಲಿಸುತ್ತಾರೆ.

ಒಂದು ಸುಳ್ಳು ಗುರುತು, ವೀಸಾಕ್ಕೆ ಒಪ್ಪದ ಒಂದು ಕೋವಿ ನಮ್ಮಂಥವರಿಗೆ ಬರೀ ದಂಡದಲ್ಲಿ ಮುಗಿಯುವುದಿಲ್ಲ. ಕೋವಿಯನ್ನು ಅಕ್ರಮವಾಗಿ ಕೊಂಡ ಅಥವಾ ಇಟ್ಟುಕೊಂಡ ಅಪರಾಧ ಸಾಬೀತಾದ ವಿದೇಶಿಯರನ್ನು ಗಡೀಪಾರು ಮಾಡಲು ವಲಸೆ ಕಾನೂನಿನಲ್ಲೇ ಅವಕಾಶವಿದೆ. ಗ್ರೀನ್ ಕಾರ್ಡ್ ಇದ್ದರೂ ಅದರಿಂದ ರಕ್ಷಣೆ ಇಲ್ಲ. ಹತ್ತು ಹದಿನೈದು ವರ್ಷ ಸರದಿಯಲ್ಲಿ ಕಾದ ಗ್ರೀನ್ ಕಾರ್ಡನ್ನು, ಮಕ್ಕಳ ಶಾಲೆಯನ್ನು, ಕಟ್ಟಿಕೊಂಡ ಮನೆಯನ್ನು ಗೆಳೆಯನಿಗೊಂದು ಪಿಸ್ತೂಲು ಕೊಡಿಸಲು ಹೋಗಿ ಕಳೆದುಕೊಳ್ಳಬೇಡಿ.

ಕೊಡಗಿನ ಗೆಳೆಯರಿಗೂ ಒಂದು ಮಾತು. ಕೊಡವರಿಗೆ, ಜಮ್ಮಾ ಹಿಡುವಳಿಯವರಿಗೆ ಭಾರತದ ಆಯುಧ ಕಾನೂನಿನ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೈಲ್‌ಪೋದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ನಿಮಗೆ ಅದರ ಗೌರವವನ್ನು ನಾನು ಹೇಳಿಕೊಡಬೇಕಾಗಿಲ್ಲ. ಆ ವಿನಾಯಿತಿ ಮಾತ್ರ ವಿಮಾನ ಹತ್ತಿ ಇಲ್ಲಿಗೆ ಬರುವುದಿಲ್ಲ ಎನ್ನುವುದನ್ನು ಮರೆಯಬೇಡಿ. ಇಲ್ಲಿ ನಿಮಗೂ ನನಗೂ ಒಂದೇ ಅರ್ಜಿ, ಒಂದೇ ತಪಾಸಣೆ.

ಕೊನೆಯದು ಬೀಗದ ಮಾತು. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು.

ನಮ್ಮ ಮನೆಯಲ್ಲಿ ಅಪ್ಪನ ಕೋವಿ ಜಗಲಿಯ ಗೋಡೆಯ ಮೇಲೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಯಾವಾಗಲೂ ಬರಿದಾಗಿ ಇರುತ್ತಿತ್ತು. ತೋಟೆಗಳು ಅಲ್ಲಿರಲಿಲ್ಲ. ಅವು ಒಳಕೋಣೆಯ ಕಬ್ಬಿಣದ ಟ್ರಂಕಿನಲ್ಲಿ, ಟ್ರಂಕಿನ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ರಾತ್ರಿ ತೋಟದಲ್ಲಿ ಹಂದಿ ನುಗ್ಗಿದ ಸದ್ದಾದರೆ ಅಪ್ಪ ಮೊದಲು ಅಜ್ಜಿಯನ್ನು ಎಬ್ಬಿಸಬೇಕು. ಅಜ್ಜಿ ಎದ್ದು ಕೂತು, ಎಷ್ಟು ಬೇಕು ಎಂದು ಕೇಳಿ, ಎರಡೇ ಎರಡು ತೋಟೆ ಎಣಿಸಿ ಕೊಡುತ್ತಿದ್ದಳು. ಈಡು ಹೊಡೆಯದೆ ವಾಪಸ್ ಬಂದರೆ ಎರಡೂ ಟ್ರಂಕಿಗೆ ಮರಳಬೇಕು. ಚುನಾವಣೆ ಬಂದಾಗ ಅಪ್ಪ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಜಮಾ ಮಾಡಿ, ರಸೀದಿಯನ್ನು ಪಂಚಾಂಗದೊಳಗೆ ಇಡುತ್ತಿದ್ದರು. ಮಳೆಗಾಲದ ರಾತ್ರಿ ಆ ವ್ಯವಸ್ಥೆ ಎಷ್ಟು ತೊಡಕು ಎಂದು ಅಪ್ಪ ಎಷ್ಟೋ ಸಲ ಬೈದುಕೊಂಡಿದ್ದಾರೆ. ಬದಲಿಸಲಿಲ್ಲ. ಆ ಮನೆಯಲ್ಲಿ ನಾವು ಏಳು ಮಕ್ಕಳು ಬೆಳೆದೆವು. ಒಬ್ಬರಿಗೂ ಕೋವಿಯಿಂದ ಗಾಯವಾಗಲಿಲ್ಲ.

ಇಲ್ಲಿಯ ಅಂಕಿ ಓದಿ. 2022ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,204 ಜನ. ಅವರಲ್ಲಿ 27,032 ಜನ ಆತ್ಮಹತ್ಯೆ ಮಾಡಿಕೊಂಡವರು. ಕಳ್ಳ ಬರುತ್ತಾನೆ ಎಂದು ಕೋವಿ ಕೊಳ್ಳುತ್ತೇವೆ, ಅದರಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದನ್ನು ತಮ್ಮ ಮೇಲೇ ಬಳಸಿಕೊಂಡವರು. ಬೇರೆ ದಾರಿ ಹಿಡಿದವರಲ್ಲಿ ಬಹಳ ಮಂದಿ ಬದುಕಿ ಉಳಿಯುತ್ತಾರೆ. ಕೋವಿ ಹಿಡಿದವರಲ್ಲಿ ಹತ್ತಕ್ಕೆ ಒಂಬತ್ತು ಜನ ಉಳಿಯುವುದಿಲ್ಲ. ಕೆಲಸ ಹೋಗಿ ಅರವತ್ತು ದಿನದಲ್ಲಿ ದೇಶ ಬಿಡಬೇಕಾದ ಒತ್ತಡದಲ್ಲಿರುವವರು, ಊರಿನಿಂದ ದೂರದ ಒಂಟಿತನದಲ್ಲಿರುವವರು, ಶಾಲೆಯಲ್ಲಿ ನೊಂದುಬಂದ ಹದಿಹರೆಯದ ಮಗ ಅಥವಾ ಮಗಳು ನಮ್ಮ ಮನೆಗಳಲ್ಲೂ ಇದ್ದಾರೆ. ಅವರು ಕೆಟ್ಟ ಒಂದು ಗಂಟೆಯನ್ನು ದಾಟಲು ಬೀಗ ಸಹಾಯ ಮಾಡುತ್ತದೆ. ಅಂಥ ಗಂಟೆ ಯಾರಿಗಾದರೂ ಬಂದಿದ್ದರೆ 988 ಸಹಾಯವಾಣಿಗೆ ಫೋನ್ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ. ನಮ್ಮಲ್ಲಿ ಯಾರಿಗಾದರೂ ಹೇಳಿ. ಆ ದಿನಗಳಲ್ಲಿ ಕೋವಿಯನ್ನು ಮನೆಯಿಂದ ಹೊರಗಿಡಿ.

ಈ ದೇಶದಲ್ಲಿ ನಿಜವಾಗಿ ಅಗ್ಗವಾಗಿ ಸಿಗುವುದು ಬೀಗವೇ. ಪಿಸ್ತೂಲು ಮಾರುವ ಡೀಲರ್ ಅದರ ಜೊತೆ ಬೀಗ ಅಥವಾ ಭದ್ರವಾಗಿಡುವ ಸಾಧನ ಕೊಡಲೇಬೇಕು ಎಂದು 2005ರ ಕಾನೂನು ಹೇಳುತ್ತದೆ. ಪ್ರಾಜೆಕ್ಟ್ ಚೈಲ್ಡ್‌ಸೇಫ್ ಯೋಜನೆಯಲ್ಲಿ ಎಷ್ಟೋ ಊರಿನ ಪೊಲೀಸ್ ಠಾಣೆಗಳು ಕೇಬಲ್ ಬೀಗವನ್ನು ಪುಕ್ಕಟೆ ಕೊಡುತ್ತವೆ, ಹೆಸರನ್ನೂ ಕೇಳುವುದಿಲ್ಲ. ನಮ್ಮ ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರಿನಿಂದ ಕೋವಿಯ ಸೇಫ್, ಬೀಗದ ಪೆಟ್ಟಿಗೆ, ಟ್ರಿಗರ್ ಬೀಗಗಳ ಮೇಲೆ ಮಾರಾಟ ತೆರಿಗೆಯೇ ಇಲ್ಲ. ಕೋವಿಯ ಬಿಲ್ಲಿನಲ್ಲಿ ಶೇ. 8.25 ಸೇರುವ ಊರಿನಲ್ಲಿ ಬೀಗದ ಬಿಲ್ಲಿನಲ್ಲಿ ಸೊನ್ನೆ. ಹದಿನೇಳು ವರ್ಷದೊಳಗಿನ ಮಗುವಿನ ಕೈಗೆ ತುಂಬಿದ ಕೋವಿ ಸಿಗುವಂತೆ ಬಿಟ್ಟರೆ ಟೆಕ್ಸಸ್‌ನಲ್ಲಿ ಅದು ಅಪರಾಧ ಎಂಬುದನ್ನೂ ನೆನಪಿಡಿ.

ನನ್ನ 10/22ರಲ್ಲಿ ಮೊದಲು ನೋಡಿದ ಬೆಲೆಗಿಂತ ಉಳಿದದ್ದು 40 ಡಾಲರ್. ಆ ಹಣ ಪರ್ಸಿಗೆ ವಾಪಸ್ ಹೋಗಲಿಲ್ಲ. ಅದಕ್ಕೆ ಇನ್ನಷ್ಟು ಸೇರಿಸಿ ಗೋಡೆಗೆ ಬಿಗಿಯುವ ಕಬ್ಬಿಣದ ಕಪಾಟು ಕೊಂಡೆ. ತೋಟೆಗೆ ಬೇರೆ ಪೆಟ್ಟಿಗೆ, ಅದರ ನಂಬರ್ ನನ್ನ ಹೆಂಡತಿಗೆ ಮಾತ್ರ ಗೊತ್ತು. ರೇಂಜಿಗೆ ಹೋಗುವ ದಿನ ಅವಳನ್ನು ಕೇಳಿ ತೆಗೆದುಕೊಳ್ಳುತ್ತೇನೆ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಬೆಲೆಯನ್ನು ಎಷ್ಟಾದರೂ ಇಳಿಸಿ, ನಾನೂ ಜೊತೆಗೆ ಬಂದು ಮಾಡೆಲ್ ನಂಬರ್ ತಾಳೆ ನೋಡುತ್ತೇನೆ. ನಿಮ್ಮ ಹೆಸರಿನಲ್ಲೇ, ನಿಮ್ಮ ಹಣದಲ್ಲೇ, ನಿಮಗಾಗಿಯೇ ಕೊಳ್ಳಿ. ವೀಸಾ ಒಪ್ಪದಿದ್ದರೆ ಒಪ್ಪುವ ದಿನದವರೆಗೆ ಕಾಯಿರಿ. ಈ ಬ್ಲ್ಯಾಕ್ ಫ್ರೈಡೆಗೆ ಏನಾದರೂ ಕೊಳ್ಳಲೇಬೇಕು ಎಂದಿದ್ದರೆ ಮೊದಲು ಬೀಗದ ಪೆಟ್ಟಿಗೆ ಕೊಂಡು ಗೋಡೆಗೆ ಬಿಗಿಯಿರಿ. ಅದಾದ ಮೇಲೆ ಕೋವಿಯ ಅಂಗಡಿಗೆ ಹೋಗೋಣ.

ಇಂತಿ,
ನಿಮ್ಮ ನಡುವಿನ ಹಿರಿಯ ಗೆಳೆಯ,
ಡಲ್ಲಾಸ್, ಟೆಕ್ಸಸ್